ಮಗುವನ್ನು ಒಪ್ಪಿಸುವ ಮುನ್ನ

ಕೂಡು ಕುಟುಂಬಗಳಿದ್ದ ಕಾಲದಲ್ಲಿ ಕೂಸನ್ನು ಯಾರ ಕೈಗೆ ಒಪ್ಪಿಸಬೇಕೆಂಬ ಚಿಂತೆ ತಾಯಂದಿರಿಗೆ ಅಷ್ಟಾಗಿ ಇರಲಿಲ್ಲ. ಅಜ್ಜಿಯ ಮಡಿಲಿತ್ತು, ಸೋದರತ್ತೆಯ ಸೊಂಟವಿತ್ತು. ಇಂದು ದಂಪತಿಗಳಿಬ್ಬರೂ ದುಡಿಯುವ ಮನೆಗಳು ಹೆಚ್ಚಿವೆ. 2017ರ ಕಾನೂನು ತಿದ್ದುಪಡಿಯಿಂದ ಹೆರಿಗೆ ರಜೆಯು 12 ವಾರಗಳಿಂದ 26 ವಾರಗಳಿಗೆ ಏರಿತಾದರೂ, ಆ ಬಳಿಕ ತಾಯಿಯು ಕೆಲಸಕ್ಕೆ ಮರಳಲೇಬೇಕು. ಆಗ ಮಗುವು ಅದುವರೆಗೂ ಪರಿಚಯವಿಲ್ಲದ ಹೆಣ್ಣುಮಗಳೊಬ್ಬಳ ಮಡಿಲು ಸೇರುತ್ತದೆ.

ನಾವು ಬಲ್ಲ ಹುಬ್ಬಳ್ಳಿಯ ಒಂದು ಮನೆಯಲ್ಲಿ ನಡೆದ ಸಂಗತಿಯಿದು. ಹತ್ತು ತಿಂಗಳ ಕೂಸು ಒಂದು ರಾತ್ರಿ ಎರಡು ಬಾರಿ ವಾಂತಿ ಮಾಡಿ, ಎಬ್ಬಿಸಿದರೂ ಕಣ್ಣು ತೆರೆಯದಂತೆ ಮಂಕಾಯಿತು. ಅಜೀರ್ಣವಿರಬೇಕೆಂದು ಭಾವಿಸಿದ ತಾಯಿಗೆ, ಕುಲಾವಿ ಬಿಚ್ಚಿದಾಗ ಕಿವಿಯ ಹಿಂದೆ ಬಾವು ಕಂಡಿತು. ಆಸ್ಪತ್ರೆಯಲ್ಲಿ ವೈದ್ಯರು, "ಯಾವಾಗ ಬಿದ್ದಿತು?" ಎಂದು ಕೇಳಿದರೆ ಉತ್ತರಿಸುವವರಿರಲಿಲ್ಲ. ದೇವರ ದಯೆ, ಕೂಸು ಚೇತರಿಸಿಕೊಂಡಿತು. ಮರುದಿನ ಅದನ್ನು ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು ಅಳುತ್ತ ಒಪ್ಪಿಕೊಂಡಳು: "ಮಂಚದ ಮ್ಯಾಲಿಂದ ಬಿದ್ದಿತ್ರಿ ಅಕ್ಕಾರ. ಹೋದ ತಿಂಗಳು ಗಾಜಿನ ಬಟ್ಟಲಾ ಒಡದದ್ದಕ್ಕ ಪಗಾರದಾಗ ರೊಕ್ಕ ಹಿಡದ್ರಿ. ಕೂಸು ಬಿತ್ತು ಅಂದಿದ್ರ ನನ್ನ ಇಟ್ಕೋತಿದ್ರೇನ್ರಿ?"

ಮುಚ್ಚಿಟ್ಟದ್ದು ಆಕೆಯ ತಪ್ಪು; ಸಣ್ಣ ತಪ್ಪೂ ಅಲ್ಲ. ಆದರೆ ಬಟ್ಟಲಿನ ವಿಷಯದಲ್ಲಿ ನಿಜ ಹೇಳಿ ದಂಡ ತೆತ್ತವಳು, ಮಗುವಿನ ವಿಷಯದಲ್ಲಿ ನಿಜ ಹೇಳುವ ಧೈರ್ಯವನ್ನು ಎಲ್ಲಿಂದ ತಂದಾಳು? ಹೆತ್ತವರ ಕೈಯಲ್ಲೂ ಮಕ್ಕಳು ಬೀಳುತ್ತಾರೆ. ನಡೆದುದನ್ನು ನಡೆದ ಹಾಗೆ ಆ ಕ್ಷಣವೇ ತಿಳಿಸುವುದೇ ನಂಬಿಕೆಯ ತಿರುಳು. ಅದಕ್ಕೆ ಅಂಜಿಕೆಯಿಲ್ಲದ ಮನೆ ಬೇಕು.

ಆದುದರಿಂದ ಸೋದರಿಯರಲ್ಲಿ ನಮ್ಮ ವಿನಂತಿಯಿಷ್ಟು. ಹೊಸಬರು ಬಂದಾಗ ಸಾಧ್ಯವಾದರೆ ಮೊದಲ ವಾರ ಮನೆಯಲ್ಲಿದ್ದು ಜೊತೆಯಲ್ಲೇ ಕೆಲಸ ಮಾಡಿರಿ. "ಮಗು ಬಿದ್ದರೆ, ಸುಟ್ಟುಕೊಂಡರೆ, ಏನಾದರೂ ನುಂಗಿದರೆ ಕೂಡಲೇ ನಮಗೆ ಫೋನು ಮಾಡು, ಹೇಳಿದ್ದಕ್ಕಾಗಿ ನಿನ್ನ ಕೆಲಸ ಹೋಗದು" ಎಂದು ಬಾಯಿಬಿಟ್ಟು ಹೇಳಿರಿ, ಹೇಳಿದಂತೆ ನಡೆಯಿರಿ. ತಲೆಗೆ ಪೆಟ್ಟಾದ ಮೇಲೆ ವಾಂತಿ, ಮಂಪರು, ಸೆಳವು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕೆಂದು ತಿಳಿಸಿರಿ. ಆಂಬುಲೆನ್ಸಿನ 108 ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಿರಿ. ಓದು ಬಾರದಿದ್ದರೆ ಔಷಧಿಯ ಅಳತೆಯನ್ನು ಮುಚ್ಚಳದಲ್ಲಿ ಗೆರೆ ತೋರಿಸಿ ಕಲಿಸಿರಿ.

ನಂಬುವುದೆಂದರೆ ಕಣ್ಣು ಮುಚ್ಚಿಕೊಳ್ಳುವುದಲ್ಲ. ಹಿಂದೆ ದುಡಿದ ಮನೆಗಳಲ್ಲಿ ವಿಚಾರಿಸಬೇಕು. ಮಗುವು ಆಕೆಯನ್ನು ಕಂಡೊಡನೆ ಬೆದರಿ ಮುದುಡಿದರೆ ಅದನ್ನು ಹಗುರವಾಗಿ ಎಣಿಸಬಾರದು. ಹೊಡೆಯುವ, ಮದ್ದು ಕುಡಿಸಿ ಮಲಗಿಸುವ ಕೈಗಳಿಗೆ ಕ್ಷಮೆಯಿಲ್ಲ. ಕ್ಯಾಮೆರಾ ಇಡುವುದಾದರೆ ತಿಳಿಸಿಯೇ ಇಡಿರಿ. ಅದು ಬಿದ್ದದ್ದನ್ನು ತೋರಿಸೀತು, ಬಿದ್ದ ಕೂಸನ್ನು ಎತ್ತಿಕೊಳ್ಳಲಾರದು.

ಇನ್ನು ನಮ್ಮ ಕಡೆಯ ನಿಯತ್ತು. ಕೂಸನ್ನು ಆಡಿಸಲೆಂದು ಹಳ್ಳಿಯಿಂದ ಎಳೆಯ ಹುಡುಗಿಯನ್ನು ಕರೆತರುವವರು ಇಂದಿಗೂ ಇದ್ದಾರೆ. 14 ವರ್ಷದೊಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರಿಂದಲೇ ನಿಷಿದ್ಧ. ಮಗುವಿನ ಕೈಗೆ ಮಗುವನ್ನು ಕೊಡುವುದು ಧರ್ಮವೂ ಅಲ್ಲ. ಮನೆಗೆಲಸದವರಿಗೂ ಕನಿಷ್ಠ ವೇತನವನ್ನು ನಮ್ಮ ರಾಜ್ಯವು 2004ರಲ್ಲಿಯೇ ಗೊತ್ತುಪಡಿಸಿತು. ಪಗಾರ ಹೇಳಿದ ದಿನಕ್ಕೆ ಸಲ್ಲಬೇಕು, ವಾರಕ್ಕೊಂದು ಬಿಡುವಿರಬೇಕು. ಆರು ಗಂಟೆಗೆ ಬರುವೆನೆಂದು ಎಂಟಕ್ಕೆ ಬರುವ ತಾಯಿಯು ಒಂದನ್ನು ನೆನೆಯಬೇಕು: ಆಕೆಗೂ ಬಾಗಿಲಲ್ಲಿ ಕಾದು ಕುಳಿತ ಮಗುವಿದೆ.

ಹುಬ್ಬಳ್ಳಿಯ ಆ ದಂಪತಿಗಳು ಹೆಣ್ಣುಮಗಳನ್ನು ಬಿಡಿಸಲಿಲ್ಲ. ಕಟುವಾಗಿಯೇ ಬುದ್ಧಿ ಹೇಳಿದರು. ಬಟ್ಟಲಿಗಾಗಿ ಹಿಡಿದಿದ್ದ ಹಣವನ್ನೂ ಮರಳಿಸಿದರು. ತಿಂಗಳು ಕಳೆಯುವಷ್ಟರಲ್ಲಿ ಒಂದು ಮಧ್ಯಾಹ್ನ ತಾಯಿಯ ಕಚೇರಿಗೆ ಫೋನು ಬಂದಿತು: "ಅಕ್ಕಾರ, ಕೂಸಿನ ಬೆರಳು ಬಾಗಿಲ ಸಂದಿನ್ಯಾಗ ಸಿಕ್ಕಿತ್ತು. ತಣ್ಣೀರಾಗ ಹಿಡದೀನಿ, ಲಗೂನ ಬರ್ರಿ." ಅಂದು ಆ ತಾಯಿ ಆತುರದಿಂದ ಮನೆಗೆ ಓಡಿದರೂ, ಮನಸ್ಸಿನ ಮೂಲೆಯಲ್ಲಿ ಒಂದು ನೆಮ್ಮದಿಯಿತ್ತೆಂದು ನಮಗೆ ಹೇಳಿದರು.