ಕಾರಿನ ಕೆಳಗೆ ಎಣ್ಣೆಯ ತೊಟ್ಟು

ಸವದತ್ತಿ ಎಲ್ಲಮ್ಮನ ಜಾತ್ರೆಗೆ ಹೊರಡುವ ಚಕ್ಕಡಿಗೆ ಕೀಲೆಣ್ಣೆ ಹಾಕುವುದನ್ನು ನಮ್ಮ ಹಿರಿಯರು ಮರೆಯುತ್ತಿರಲಿಲ್ಲ. ಅಚ್ಚಿಗೂ ಗುಂಬಕ್ಕೂ ನಡುವಿನಿಂದ ಆ ಎಣ್ಣೆ ದಾರಿಯುದ್ದಕ್ಕೂ ಒಸರುತ್ತಿತ್ತು. ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ತೀರಿದರೆ ಮತ್ತಷ್ಟು ಹಾಕಿದರಾಯಿತು. ಕಾರಿನ ಎಂಜಿನ್ನಿನಲ್ಲಿ ಹಾಗೆ ನಡೆಯುವುದಿಲ್ಲ. ಚಿಕ್ಕ ಕಾರಿನ ಎಂಜಿನ್ನಿನಲ್ಲಿ ಇರುವ ಎಣ್ಣೆಯೇ ಮೂರು ಲೀಟರಿನ ಆಸುಪಾಸು. ಅದು ಹೊರಗೆ ಹೋಗದಂತೆ, ತಿರುಗುವ ಶಾಫ್ಟನ್ನು ಸುತ್ತ ಹಿಡಿದು ಕೂತಿರುವುದು ಬಳೆಯಂಥ ಒಂದು ರಬ್ಬರಿನ ಉಂಗುರ. ಅದೇ ಆಯಿಲ್ ಸೀಲ್.

ಕಿತ್ತೂರಿಗೆ ಹತ್ತಿರದ ದೇಗಾಂವದಂಥ ಊರುಗಳಿಗೆ ಕಾರು ಬರುವುದು ಹೆಚ್ಚಾಗಿ ಎರಡನೆಯ ಅಥವಾ ಮೂರನೆಯ ಕೈಯಿಂದ. ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು, ಓಮ್ನಿಯದು 2019ರಲ್ಲಿ. ಆದರೂ ಮದುವೆ ದಿಬ್ಬಣಕ್ಕೆ, ರಾತ್ರಿ ಬೆಳಗಾವಿಯ ಅಥವಾ ಧಾರವಾಡದ ಆಸ್ಪತ್ರೆಗೆ ಓಡಲು ಇಂಥ ಹಳೆಯ ಗಾಡಿಗಳನ್ನೇ ನಂಬಿದ ಮನೆಗಳಿವೆ. ಅವುಗಳ ಕೆಳಗೆ ಬೆಳಿಗ್ಗೆ ಕಾಣುವ ಕಪ್ಪು ತೊಟ್ಟನ್ನು 'ಹಳೇ ಗಾಡಿ, ಇದ್ದದ್ದೇ' ಎಂದು ಬಿಡುವವರು ಒಂದು ಕಡೆ. ಹೆದರಿ ಕೂಡಲೇ ಸೀಲು ಬದಲಿಸಿ, ಆರು ತಿಂಗಳಿಗೆ ಅದೇ ತೊಟ್ಟನ್ನು ಮತ್ತೆ ಕಾಣುವವರು ಇನ್ನೊಂದು ಕಡೆ. ಈ ಎರಡನೆಯವರ ಕಥೆಯೇ ಹೆಚ್ಚು ಕಲಿಸುವಂಥದ್ದು.

ಮೊದಲು ಸೀಲು ಮಾಡುವ ಕೆಲಸವನ್ನು ನೋಡೋಣ. ಒಂದು ಸಣ್ಣ ಲೆಕ್ಕ. ಶಾಫ್ಟಿನ ವ್ಯಾಸ 40 ಮಿ.ಮೀ. ಎಂದಿಟ್ಟುಕೊಳ್ಳಿ. ಅದರ ಸುತ್ತಳತೆ ಸುಮಾರು 126 ಮಿ.ಮೀ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಸುತ್ತು. ಅಂದರೆ ಸೀಲಿನ ತುಟಿಯ ಕೆಳಗೆ ಪ್ರತಿ ಸೆಕೆಂಡಿಗೆ ಆರು ಮೀಟರಿಗೂ ಹೆಚ್ಚು ಉಕ್ಕು ಉಜ್ಜಿಕೊಂಡು ಹೋಗುತ್ತದೆ. ಒಂದು ತಾಸಿಗೆ ಇಪ್ಪತ್ತೆರಡು ಕಿಲೋಮೀಟರ್! ಇಷ್ಟಾದರೂ ರಬ್ಬರು ಸುಟ್ಟು ಹೋಗುವುದಿಲ್ಲ. ಯಾಕೆಂದರೆ ತುಟಿ ಮತ್ತು ಉಕ್ಕಿನ ನಡುವೆ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ತೆಳ್ಳಗಿನ ಎಣ್ಣೆಯ ಪದರ ಇರುತ್ತದೆ. ತುಟಿಯ ಹಿಂದೆ ಕೂದಲೆಳೆಯಂಥ ಒಂದು ಸುರುಳಿ ಸ್ಪ್ರಿಂಗು ಅದನ್ನು ಶಾಫ್ಟಿಗೆ ಒತ್ತಿ ಹಿಡಿದಿರುತ್ತದೆ.

ಈ ಸೀಲು ಮೊದಲು ಚರ್ಮದ್ದಾಗಿತ್ತು. ಜರ್ಮನಿಯಲ್ಲಿ ಇದನ್ನು ಬೆಳೆಸಿದ ಫ್ರಾಯ್ಡೆನ್‌ಬರ್ಗ್ ಕಂಪನಿ ಮೂಲತಃ ಚರ್ಮ ಹದ ಮಾಡುವ ಕಾರಖಾನೆ. 1930ರ ದಶಕದಲ್ಲಿ ಚರ್ಮದ ಜಾಗಕ್ಕೆ ಕೃತಕ ರಬ್ಬರು ಬಂತು. ನಮ್ಮ ಅಂಬಾಸಿಡರಿನ ಹಳೆಯ ಎಂಜಿನ್ನಿಗೆ ಹಿಂಭಾಗದಲ್ಲಿ ತುಟಿಯುಳ್ಳ ಸೀಲೇ ಇರಲಿಲ್ಲ. ಶಾಫ್ಟಿನ ಮೇಲೆ ತಿರುಪಿನಂತೆ ಕೊರೆದ ಗೀರು, ತಿರುಗುವಾಗ ಎಣ್ಣೆಯನ್ನು ಒಳಕ್ಕೆ ತಳ್ಳುತ್ತಿತ್ತು. ಎಂಜಿನ್ ನಿಂತರೆ ತಳ್ಳುವವರು ಯಾರು? ನಿಂತ ಅಂಬಾಸಿಡರಿನ ಕೆಳಗೆ ತೊಟ್ಟು ಬೀಳುತ್ತಿದ್ದ ಗುಟ್ಟು ಇಷ್ಟೇ.

ಈಗ ರೋಗ ಪತ್ತೆ. ಎಣ್ಣೆ ಕೆಳಗೆ ಕಂಡಿತೆಂದರೆ ಸೀಲೇ ಹೋಗಿದೆ ಎನ್ನಲಾಗದು. ಎಂಜಿನ್ನಿನ ತಲೆಯ ಮೇಲಿರುವ ಮುಚ್ಚಳದ ಪ್ಯಾಕಿಂಗಿನಿಂದ ಸೋರಿದ ಎಣ್ಣೆಯೂ ಇಳಿದಿಳಿದು ಅಲ್ಲಿಗೇ ಬಂದು ನಿಲ್ಲುತ್ತದೆ. ಎಂಜಿನ್ ತಣ್ಣಗಿದ್ದಾಗ ಎಲ್ಲವನ್ನೂ ಚೆನ್ನಾಗಿ ಒರೆಸಿ, ಸಂಶಯದ ಜಾಗಕ್ಕೆ ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಿ, ಸ್ವಲ್ಪ ಹೊತ್ತು ಎಂಜಿನ್ ಓಡಿಸಿ ನಿಲ್ಲಿಸಿ ನೋಡಿ. ಬಿಳಿಯ ಮೇಲೆ ಮೊದಲ ಕಪ್ಪು ಗೆರೆ ಎಲ್ಲಿ ಹುಟ್ಟಿದೆಯೋ ಸೋರಿಕೆಯ ಮೂಲ ಅಲ್ಲಿದೆ.

ಸೀಲಿನಿಂದಲೇ ಸೋರುತ್ತಿದೆ ಎಂದು ತಿಳಿದ ಮೇಲೂ ಪಾನಾ ಹಿಡಿಯುವ ಮುನ್ನ ಒಂದು ಪ್ರಶ್ನೆ ಕೇಳಬೇಕು: ಅದು ಯಾಕೆ ಹೋಯಿತು? ಮುಪ್ಪಿನಿಂದ ಹೋಗಿರಬಹುದು. ವರ್ಷಗಟ್ಟಲೆ ಬಿಸಿ ತಿಂದ ರಬ್ಬರು ಬಿರುಸಾಗಿ ಹಿಡಿತ ಬಿಡುತ್ತದೆ. ಆದರೆ ಬೇರೆ ಕಾರಣಗಳೂ ಇವೆ. ಪಿಸ್ಟನ್ನಿನ ಪಕ್ಕದಿಂದ ಸ್ವಲ್ಪ ಹೊಗೆ ಯಾವಾಗಲೂ ಕೆಳಗಿನ ಎಣ್ಣೆಯ ಕೋಣೆಗೆ ನುಸುಳುತ್ತದೆ. ಅದನ್ನು ಹೊರಗೆ ಬಿಡುವ ಬ್ರೀದರ್ ಕೊಳವೆ ಜಿಡ್ಡಿನಿಂದ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಎಣ್ಣೆ ಸೀಲಿನ ತುಟಿಯನ್ನು ದಾಟುತ್ತದೆ. ಹೊಸ ಸೀಲು ಹಾಕಿದರೂ ಅದೇ ಕಥೆ. ಇನ್ನು ಬೇರಿಂಗು ಸವೆದು ಶಾಫ್ಟು ಅಲುಗಾಡುತ್ತಿದ್ದರೆ ಯಾವ ಸೀಲೂ ನಿಲ್ಲದು. ಮೂರನೆಯದು ಕಣ್ಣಿಗೆ ಬೇಗ ಬೀಳುವುದಿಲ್ಲ: ಮೆತ್ತನೆಯ ರಬ್ಬರು ವರ್ಷಾನುಗಟ್ಟಲೆ ಉಜ್ಜಿ ಗಟ್ಟಿ ಉಕ್ಕಿನ ಮೇಲೆ ಗೆರೆ ಕೊರೆದಿರುತ್ತದೆ. ಎಣ್ಣೆಯಲ್ಲಿ ಸೇರಿದ ಧೂಳೇ ಅಲ್ಲಿ ಅರದ ಕೆಲಸ ಮಾಡುವುದು. ಉಗುರು ಆಡಿಸಿದಾಗ ಗೆರೆ ತಡೆಯುವಂತಿದ್ದರೆ, ಜಾಗವಿದ್ದಲ್ಲಿ ಹೊಸ ಸೀಲನ್ನು ಒಂದೆರಡು ಮಿ.ಮೀ. ಆಚೀಚೆ ಕೂಡಿಸಬೇಕು. ಇಲ್ಲವೇ ಶಾಫ್ಟಿಗೆ ತೆಳು ಉಕ್ಕಿನ ತೋಳು ತೊಡಿಸಬೇಕು.

ಕೆಲಸದ ಶ್ರಮ ಸೀಲಿನ ಜಾಗಕ್ಕೆ ತಕ್ಕಂತೆ. ಮಾರುತಿ 800ರ ಮುಂದಿನ ಸೀಲು ಟೈಮಿಂಗ್ ಬೆಲ್ಟ್ ಕಳಚಿದ ಮೇಲೆಯೇ ಕೈಗೆ ಸಿಗುತ್ತದೆ. ಬೆಲ್ಟ್ ಮತ್ತೆ ಹಾಕುವಾಗ ಗುರುತುಗಳು ಕೂಡಿಬರಲೇಬೇಕು. ಎಣ್ಣೆ ಕುಡಿದ ಬೆಲ್ಟನ್ನು ಮತ್ತೆ ಬಳಸಬಾರದು. ಹಿಂದಿನ ಸೀಲಿಗಾದರೆ ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಎಲ್ಲವೂ ಇಳಿಯಬೇಕು. ಸೀಲು ಅಗ್ಗ, ಕೂಲಿ ದುಬಾರಿ. ಆದ್ದರಿಂದ ತಿಂಗಳಿಗೊಮ್ಮೆ ತೊಟ್ಟಿಕ್ಕುವ ಹಿಂದಿನ ಸೀಲಿಗಾಗಿ ಗಾಡಿ ಬಿಚ್ಚಿಸಬೇಡಿ. ಎಣ್ಣೆಯ ಮಟ್ಟ ನೋಡುತ್ತ ಇದ್ದರೆ ಸಾಕು. ಮುಂದೆ ಕ್ಲಚ್ ಪ್ಲೇಟ್ ಹಾಕಿಸುವಾಗ ಎರಡೂ ಒಂದೇ ಕೂಲಿಯಲ್ಲಿ ಮುಗಿಯುತ್ತವೆ. ಆದರೆ ಎಣ್ಣೆ ಕ್ಲಚ್ಚಿಗೆ ತಗಲಿ ಏರಿನಲ್ಲಿ ಜಾರತೊಡಗಿದರೆ, ಎಣ್ಣೆಯ ಕೆಂಪು ದೀಪ ಮಿನುಗಿದರೆ, ಅಥವಾ ಸುಟ್ಟ ವಾಸನೆ ಬಂದರೆ ತಡ ಮಾಡುವಂತಿಲ್ಲ. ಕೆಂಪು ದೀಪ ಹತ್ತಿದರೆ ಗಾಡಿಯನ್ನು ನಿಂತಲ್ಲೇ ಬಿಡುವುದು ಒಳ್ಳೆಯದು. ಎಣ್ಣೆಯಿಲ್ಲದೆ ಎಂಜಿನ್ ಹಿಡಿದುಕೊಂಡರೆ ಹಳೆಯ ಕಾರಿನ ಬೆಲೆಯೇ ಅಲ್ಲಿ ಹೋಗುತ್ತದೆ. ಸೋರಿಕೆ ನಿಲ್ಲಿಸುತ್ತದೆಂದು ಮಾರುವ ಬಾಟಲಿಯ ದ್ರವ ರಬ್ಬರನ್ನು ಸ್ವಲ್ಪ ಕಾಲ ಉಬ್ಬಿಸೀತು, ಹರಿದ ತುಟಿಯನ್ನು ಹೊಲಿಯಲಾರದು.

ಹೊಸ ಸೀಲಿನ ಮೇಲೆ 35, 52, 7 ಎಂಬಂತೆ ಮೂರು ಅಂಕಿಗಳು ಇರುವುದುಂಟು. ಒಳ ವ್ಯಾಸ, ಹೊರ ವ್ಯಾಸ, ದಪ್ಪ, ಎಲ್ಲ ಮಿಲಿಮೀಟರಿನಲ್ಲಿ. ಪಿಯುಸಿ ಪ್ರಯೋಗಾಲಯದಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಹಿಡಿದು ಗೋಲಿಯ ವ್ಯಾಸ ಅಳೆದು ಬೇಸತ್ತ ಹುಡುಗ ಹುಡುಗಿಯರು ಒಮ್ಮೆ ಇದನ್ನು ಅಳೆದು ನೋಡಲಿ. ಅಳತೆಯಷ್ಟೇ ಒಂದಾದರೆ ಸಾಲದು, ರಬ್ಬರಿನ ಜಾತಿಯೂ ಒಂದಾಗಬೇಕು.

ಹಳೆಯದನ್ನು ಕೀಳುವಾಗ ಸ್ಕ್ರೂಡ್ರೈವರಿನ ಮೊನೆ ಶಾಫ್ಟಿಗೆ ತಗಲಿ ಒಂದು ಗೀರು ಬಿದ್ದರೂ ಹೊಸ ಸೀಲು ಸೋರುತ್ತದೆ. ಸ್ಪ್ರಿಂಗ್ ಕಾಣುವ ಮುಖ ಎಣ್ಣೆಯ ಕಡೆಗೆ ಇರಬೇಕು. ತುಟಿಗೆ ಎಣ್ಣೆ ಸವರಿ, ಶಾಫ್ಟಿನ ಚೂಪು ಅಂಚಿಗೆ ಟೇಪು ಸುತ್ತಿ ತೂರಿಸಬೇಕು. (ಟೆಫ್ಲಾನ್ ತುಟಿಯವನ್ನು ಮಾತ್ರ ಒಣಗಿದಂತೆಯೇ ಹಾಕಬೇಕು.) ಹೊರ ವ್ಯಾಸಕ್ಕೆ ಸರಿಹೊಂದುವ ಕೊಳವೆ ತುಂಡನ್ನು ಇಟ್ಟು, ಸುತ್ತಲೂ ಸಮನಾಗಿ ತಟ್ಟುತ್ತ ಕೂಡಿಸಬೇಕು. ಒಂದೇ ಕಡೆ ಸುತ್ತಿಗೆ ಬಿದ್ದರೆ ಸೀಲು ಓರೆಯಾಗುತ್ತದೆ. ಮತ್ತೆ ಬ್ರೀದರ್ ಕೊಳವೆ ತೊಳೆದು ಹಾಕಲು ಮರೆಯಬಾರದು. ಈ ಕೆಲಸ ಮನೆಯಲ್ಲಿ ಕಲಿಯುವ ಹುಡುಗರು ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂದೂ ನುಸುಳದಂತೆ ತಂದೆತಾಯಿಗಳು ನೋಡಿಕೊಳ್ಳಬೇಕು. ಗಟ್ಟಿ ಸ್ಟ್ಯಾಂಡು ಬೇಕೇ ಬೇಕು.

ಇಳಿಸಿದ ಕಪ್ಪೆಣ್ಣೆಯನ್ನು ಗೆದ್ದಲಿಗೆಂದು ಬೇಲಿಯ ಗೂಟಗಳ ಬುಡಕ್ಕೆ ಸುರಿಯುವ ರೂಢಿ ನಮ್ಮ ಕಡೆ ಇದೆ. ಬಾವಿಯೋ ಬೋರೋ ಹತ್ತಿರವಿರುವ ಹೊಲದಲ್ಲಿ ಅದು ಬೇಡ. ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆ ಕೂಡಿಡುವ ಗ್ಯಾರೇಜಿಗೆ ಕೊಟ್ಟು ಬನ್ನಿ.