ಮುಚ್ಚಿಟ್ಟ ಮಾತು, ಬಚ್ಚಿಟ್ಟ ರೋಗ

ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಗುಪ್ತರೋಗಗಳಿಗೆ ಖಚಿತ ಚಿಕಿತ್ಸೆ’ ಎಂಬ ಚೀಟಿಗಳನ್ನು ನೀವು ನೋಡಿರಬಹುದು. ನಿಮ್ಮ ಮಗನೂ ಓದಿರುತ್ತಾನೆ. ಮನೆಯಲ್ಲಿ ಬಾಯಿಬಿಡಲಾಗದ ಹುಡುಗ ಕೊನೆಗೆ ಹೋಗುವುದು ಅಲ್ಲಿಗೇ.

ಸಿಫಿಲಿಸ್ ರೋಗವನ್ನೇ ತೆಗೆದುಕೊಳ್ಳಿ. ಅದರ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ. ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಕೀರ್ತಿ ನಕಲಿ ವೈದ್ಯನಿಗೆ! ರೋಗವಾದರೋ ಒಳಗೇ ಉಳಿದು, ವರ್ಷಗಳ ನಂತರ ಹೃದಯ, ಮಿದುಳುಗಳಿಗೆ ಹಾನಿ ಮಾಡಬಲ್ಲದು. ಆರಂಭದಲ್ಲೇ ತಜ್ಞರ ಬಳಿ ಹೋಗಿದ್ದರೆ ಪೆನಿಸಿಲಿನ್ ಚುಚ್ಚುಮದ್ದಿನಿಂದ ಗುಣವಾಗುತ್ತಿತ್ತು. ಹುಡುಗಿಯರಲ್ಲಿ ಗೊನೋರಿಯಾ, ಕ್ಲಮೈಡಿಯಾ ಸೋಂಕುಗಳು ಅನೇಕ ವೇಳೆ ಯಾವ ಲಕ್ಷಣವನ್ನೂ ತೋರದೆ ಮುಂದೆ ಬಂಜೆತನಕ್ಕೆ ಕಾರಣವಾಗಬಹುದು.

ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆಂಬ ಅಂಜಿಕೆ ಹಳೆಯದು. 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಶಾಲೆಗಳಲ್ಲಿ ಲೈಂಗಿಕ ಶಿಕ್ಷಣವನ್ನು ತಡೆದವು. ಆದರೆ ಇಂಥ ಶಿಕ್ಷಣದಿಂದ ಮಕ್ಕಳು ಬೇಗನೆ ದಾರಿ ತಪ್ಪುವುದಿಲ್ಲವೆಂದು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ. ಕೆಡಿಸುವುದು ಅರಿವಲ್ಲ, ಅರೆಬರೆ ತಿಳಿವಳಿಕೆ.

ಆದ್ದರಿಂದ ತಂದೆತಾಯಿಯರೇ, ಮಕ್ಕಳು ಕೇಳಿದಾಗ ಗದರಬೇಡಿ. ಸೋಂಕು ಹೇಗೆ ಹರಡುತ್ತದೆ, ಕಾಂಡೋಮ್ ಅದನ್ನು ಹೇಗೆ ತಡೆಯುತ್ತದೆ ಎಂಬುದನ್ನು ವಯಸ್ಸಿಗೆ ತಕ್ಕಂತೆ ನೇರವಾಗಿ ಹೇಳಿ. ನಿಮಗೆ ಸಂಕೋಚವಾದರೆ ಏಡ್ಸ್ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ತಪಾಸಣೆಯೂ ಲಭ್ಯ. ‘ಏನಾದರೂ ಆದರೆ ಮೊದಲು ನನಗೆ ಹೇಳು’ ಎಂಬ ನಿಮ್ಮ ಒಂದು ಮಾತು ಆ ಗೋಡೆಯ ಚೀಟಿಗಿಂತ ಮೊದಲು ಮಗುವಿನ ಕಿವಿ ಮುಟ್ಟಲಿ.