ಕಿಸೆಯೊಳಗಿನ ಜಾತ್ರೆ ಮುಗಿಯುವುದೆಂದು?

ಪೊಳಲಿಯ ರಾಜರಾಜೇಶ್ವರಿ ಕ್ಷೇತ್ರದ ಜಾತ್ರೆ ಪ್ರತಿವರ್ಷ ಮಾರ್ಚ್ ಮಧ್ಯದಲ್ಲಿ ಆರಂಭಗೊಂಡು ಸುಮಾರು ಒಂದು ತಿಂಗಳು ನಡೆಯುತ್ತದೆ. ಅಲ್ಲಿನ ಚೆಂಡಿನ ಉತ್ಸವದಂತೆಯೇ ಕಲ್ಲಂಗಡಿಯೂ ಪ್ರಸಿದ್ಧ. ಹಣ್ಣೊಂದನ್ನು ಸೀಳಿ, ಕೆಂಪು ತಿರುಳು ದಾರಿಹೋಕರಿಗೆ ಕಾಣುವಂತೆ ಇಡುವುದು ಹಣ್ಣಿನ ವ್ಯಾಪಾರಿಗಳ ಹಳೆಯ ರೂಢಿ. ಬಣ್ಣವೇ ಗಿರಾಕಿಯನ್ನು ಕೂಗಿ ಕರೆಯುತ್ತದೆ. ಅದರಲ್ಲಿ ಮೋಸವಿಲ್ಲ. ಗಿರಾಕಿ ಹಣ್ಣು ಕೊಂಡು ಮನೆಗೆ ಮರಳುತ್ತಾನೆ, ಜಾತ್ರೆ ಮುಗಿದಾಗ ಅಂಗಡಿಗಳೂ ಏಳುತ್ತವೆ. ಆದರೆ ನಮ್ಮ ಕಿಸೆಗಳಲ್ಲಿರುವ ಜಾತ್ರೆಗೆ ಮುಕ್ತಾಯದ ದಿನವೇ ಇಲ್ಲ.

ಮೊಬೈಲ್ ಪರದೆಯ ಮೇಲಿನ ಆ ಕೆಂಪು ಚುಕ್ಕೆ ಆಕಸ್ಮಿಕವಾಗಿ ಕೆಂಪಾದುದಲ್ಲ. ಸಾಮಾಜಿಕ ಜಾಲತಾಣಗಳ ಮುಖ್ಯ ಆದಾಯ ಜಾಹೀರಾತು. ನಾವು ಪರದೆಯ ಮುಂದೆ ಹೆಚ್ಚು ಹೊತ್ತು ಕುಳಿತಷ್ಟೂ ಅವುಗಳ ಗಳಿಕೆ ಹೆಚ್ಚುತ್ತದೆ. ಅಲ್ಲಿ ಮಾರಾಟವಾಗುತ್ತಿರುವುದು ಹಣ್ಣಲ್ಲ, ನಮ್ಮ ಮತ್ತು ನಮ್ಮ ಮಕ್ಕಳ ಗಮನ. ಇದನ್ನು ಬಹಿರಂಗವಾಗಿ ಹೇಳಿದವರಲ್ಲಿ ಗೂಗಲ್‌ನ ಮಾಜಿ ಉದ್ಯೋಗಿ ಟ್ರಿಸ್ಟನ್ ಹ್ಯಾರಿಸ್ ಪ್ರಮುಖರು. ಪರದೆಯನ್ನು ಕಪ್ಪು-ಬಿಳುಪಾಗಿಸಿರೆಂಬ ಸಲಹೆಯನ್ನು ಪ್ರಚುರಪಡಿಸಿದವರೂ ಅವರೇ.

ಈ ಉಪಾಯಕ್ಕೆ ಖರ್ಚಿಲ್ಲ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ವಿಭಾಗದ ಬೆಡ್‌ಟೈಮ್ ಮೋಡ್, ಐಫೋನ್‌ನಲ್ಲಿ ಆಕ್ಸೆಸಿಬಿಲಿಟಿಯ ಕಲರ್ ಫಿಲ್ಟರ್ಸ್ ಇದಕ್ಕೆ ನೆರವಾಗುತ್ತವೆ. ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪರದೆಯನ್ನು ಹೀಗೆ ಬದಲಿಸಿಕೊಂಡವರ ಬಳಕೆ ದಿನಕ್ಕೆ ಸರಾಸರಿ ಸುಮಾರು 38 ನಿಮಿಷ ಇಳಿಯಿತು. ತಿಂಗಳಿಗೆ ಲೆಕ್ಕ ಹಾಕಿದರೆ 19 ಗಂಟೆ! ಓದುವ ಮಗುವಿಗೂ ದುಡಿಯುವ ತಂದೆಗೂ ಇದು ಸಣ್ಣ ಲಾಭವೇ?

ಆದರೂ ಇದನ್ನು ರಾಮಬಾಣವೆಂದು ನಾವು ಹೇಳುವುದಿಲ್ಲ. ಬಣ್ಣ ಹೋದ ಮಾತ್ರಕ್ಕೆ ಚಾಡಿಮಾತು, ಸುಳ್ಳುಸುದ್ದಿಗಳು ಹೋಗುವುದಿಲ್ಲ. ಅವು ಕಪ್ಪು-ಬಿಳುಪಿನಲ್ಲೂ ಓಡುತ್ತವೆ. ಪಾಠದ ಚಿತ್ರ ನೋಡಲು ಮಗುವಿಗೆ ಬಣ್ಣ ಬೇಕಾದರೆ ಆ ಹೊತ್ತಿಗೆ ಮರಳಿ ತರಬಹುದು. ಚಟವಾಗಿ ಬೇರೂರಿದವರಿಗೆ ಚಿಕಿತ್ಸೆಯೇ ಬೇಕು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಇದಕ್ಕಾಗಿ 'ಶಟ್' ಎಂಬ ಪ್ರತ್ಯೇಕ ಚಿಕಿತ್ಸಾಲಯ ತೆರೆದಿರುವುದು ಸಮಸ್ಯೆಯ ಗಾಂಭೀರ್ಯಕ್ಕೆ ಸಾಕ್ಷಿ.

ನಿಜವಾದ ಪ್ರಶ್ನೆ ಇರುವುದು ಮನೆಯೊಳಗೆ. ಮಗನ ಫೋನನ್ನು ಬೂದು ಬಣ್ಣಕ್ಕಿಳಿಸಿ, ಊಟದ ತಟ್ಟೆಯ ಮುಂದೆ ತಾನು ಮಾತ್ರ ಬಣ್ಣಬಣ್ಣದ ರೀಲ್ಸ್ ನೋಡುವ ತಂದೆಯ ಉಪದೇಶವನ್ನು ಯಾವ ಮಗ ಕೇಳಿಯಾನು? ಸೌದಿಯಲ್ಲೋ ದುಬೈಯಲ್ಲೋ ದುಡಿಯುವ ಯಜಮಾನನ ಮುಖ ಕಾಣಲು ನಮ್ಮ ಎಷ್ಟೋ ಕುಟುಂಬಗಳಿಗೆ ಫೋನೇ ಆಸರೆ. ಆದ್ದರಿಂದ ಅದನ್ನು ಎಸೆಯಿರಿ ಎನ್ನುವುದು ಬುದ್ಧಿವಂತಿಕೆಯಲ್ಲ. ಕರೆಗೆ ಬಣ್ಣ ಬೇಕಾಗಿಲ್ಲ, ಆಮಿಷಕ್ಕೆ ಬೇಕು. ಮೊದಲು ಹಿರಿಯರ ಪರದೆ ಕಪ್ಪು-ಬಿಳುಪಾಗಲಿ. ಮಕ್ಕಳಿಗೆ ಆಜ್ಞೆಗಿಂತ ಮಾದರಿ ಬೇಗ ತಲಪುತ್ತದೆ.

ಹಾಗೆಂದು ಕಂಪೆನಿಗಳು ಕೈತೊಳೆದುಕೊಳ್ಳುವಂತಿಲ್ಲ. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತುಗಳನ್ನು ನಿಷೇಧಿಸುತ್ತದೆ. ಇದು ಸ್ವಾಗತಾರ್ಹ. ಆದರೆ ಮುಗಿಯದ ದೃಶ್ಯಗಳ ಸರಪಳಿಯ ಬಗ್ಗೆಯಾಗಲಿ, ಸೆಳೆಯಲೆಂದೇ ರೂಪಿಸಿದ ಕೆಂಪು ಚುಕ್ಕೆಯ ಬಗ್ಗೆಯಾಗಲಿ ಅದರಲ್ಲಿ ಮಾತಿಲ್ಲ. ಬಲೆ ಬೀಸಿದವರನ್ನು ಬಿಟ್ಟು ಸಿಕ್ಕಿಬಿದ್ದವರಿಗೆ ಮಾತ್ರ ಸಂಯಮ ಬೋಧಿಸುವುದು ನ್ಯಾಯವೆನಿಸದು. ಕಾನೂನು ಆ ಹೊಣೆಯನ್ನು ಹೊರಿಸಬೇಕೆಂದು ನಾವು ಒತ್ತಾಯಿಸಬೇಕು. ಅಲ್ಲಿಯವರೆಗೆ ನಮ್ಮ ಮನೆಯ ಜಾತ್ರೆಯ ದೀಪಗಳನ್ನು ನಾವೇ ಆರಿಸಬೇಕು.